ಸಂಬಳ ಸರಿಯಾದ ಮೇಲೆ ಬೇರೆಯವರಿಗೆ ನೆರವಾಗೋಣ ಅಂತ ಕಾಯುವುದು ತಪ್ಪಾ?

ಇದೇ ಲೆಕ್ಕ ನಾನೂ ಹಾಕಿದ್ದೆ. ಮನೆ ಸಾಲ ತೀರಲಿ, ಆಮೇಲೆ ನೋಡುವ ಅಂತ.

ಇಸ್ರೇಲಿನ ರಾಮತ್ ಗಾನ್‌ನಲ್ಲಿ ಏಳು ವರ್ಷ ಕೇರ್‌ಗಿವರ್ ಆಗಿದ್ದೆ. ನಮ್ಮ ಕರಾವಳಿಯವರು ಆ ಕೆಲಸದಲ್ಲಿ ಅಲ್ಲಿ ತುಂಬಾ ಜನ ಇದ್ದಾರೆ. ನಾನು ನೋಡಿಕೊಳ್ಳುತ್ತಿದ್ದವರಿಗೆ 89 ವರ್ಷ. ಸಬಾ ಅಂತ ಕರೆಯುತ್ತಿದ್ದೆ, ಹೀಬ್ರೂವಿನಲ್ಲಿ ಅಜ್ಜ. ಪಕ್ಕದ ಬೀದಿಯಲ್ಲಿ ಕಾರ್ಕಳ ಕಡೆಯ ಹುಡುಗ, ಬಂದು ನಾಲ್ಕೇ ತಿಂಗಳು. ಒಂದು ಮಂಗಳವಾರ ಫೋನ್ ಮಾಡಿದ. ‘ಅಣ್ಣಾ, ಕಾಲಿನ ಗಾಯ ಕಪ್ಪಾಗ್ತಾ ಉಂಟು. ಡಾಕ್ಟರ ಹತ್ರ ಒಟ್ಟಿಗೆ ಬರ್ತೀರಾ? ನಂಗೆ ಭಾಷೆ ಬರುದಿಲ್ಲ.’

‘ಶನಿವಾರ ನಂಗೆ ರಜೆ, ಆಗ ಹೋಗುವ’ ಅಂದೆ.

ಶನಿವಾರ ಅಲ್ಲಿ ಸಬ್ಬತ್ತು, ಯಹೂದಿಗಳ ವಿಶ್ರಾಂತಿಯ ದಿನ, ಕ್ಲಿನಿಕ್ಕಿಗೆ ಬೀಗ. ನನಗದು ಚೆನ್ನಾಗಿ ಗೊತ್ತಿತ್ತು. ಸಬಾನ ಮಗಳ ಮನೆ ಹತ್ತು ನಿಮಿಷದ ದಾರಿ. ಕೇಳಿದ್ದರೆ ಬಂದು ಕೂರುತ್ತಿದ್ದರು. ಕೇಳಲಿಲ್ಲ. ಹೋಗಲಿ, ‘ನೀನು ಹೋಗು, ಸ್ಪೀಕರ್ ಹಾಕು, ಡಾಕ್ಟರ ಹತ್ರ ನಾನು ಮಾತಾಡ್ತೇನೆ’ ಅನ್ನಬಹುದಿತ್ತು. ಹೊಳೆಯಲಿಲ್ಲ ಅಂದರೆ ಸುಳ್ಳಾಗುತ್ತದೆ. ಅವತ್ತು ಊರಿಗೆ ದುಡ್ಡು ಕಳಿಸುವ ದಿನ, ಮೊಬೈಲಿನಲ್ಲಿ ಅಲ್ಲಿನ ನಾಣ್ಯ ಶೆಕೆಲ್‌ನ ರೇಟು ನೋಡುತ್ತಾ ಕೂತಿದ್ದೆ. ಏರಲಿ ಅಂತ.

ಗುರುವಾರ ಅವನನ್ನು ಆಸ್ಪತ್ರೆಗೆ ಸೇರಿಸಿದರು. ಸಕ್ಕರೆ ಕಾಯಿಲೆ ಇದ್ದದ್ದು ಅವನಿಗೇ ಗೊತ್ತಿರಲಿಲ್ಲ. ಎರಡು ಬೆರಳು ತೆಗೆದರು.

ಸಬಾ ನನ್ನನ್ನು ಸಮಾಧಾನ ಮಾಡಲಿಲ್ಲ. ಯಹೂದಿಗಳ ಧರ್ಮಗ್ರಂಥ ತಾಲ್ಮುದಿನ ಒಂದು ಕತೆ ಹೇಳಿದರು. ನಹೂಮ್ ಅಂತ ಒಬ್ಬರು ಮೂರು ಕತ್ತೆಗಳ ಮೇಲೆ ಊಟ, ಪಾನೀಯ, ತಿಂಡಿ ಹೇರಿಕೊಂಡು ಮಾವನ ಮನೆಗೆ ಹೊರಟಿದ್ದರಂತೆ. ದಾರಿಯಲ್ಲಿ ಬಡವನೊಬ್ಬ ತಿನ್ನಲು ಕೇಳಿದ. ‘ತಾಳು, ಹೇರು ಇಳಿಸುತ್ತೇನೆ’ ಅಂದರು. ಇಳಿಸುವಷ್ಟರಲ್ಲಿ ಅವನು ಸತ್ತಿದ್ದ. ನಹೂಮ್ ಕೊಡುವುದಿಲ್ಲ ಅಂದಿರಲಿಲ್ಲ, ಗಮನಿಸಿ.

ಆದ್ದರಿಂದ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಯಹೂದಿಗಳು ದಾನಕ್ಕೆ ತ್ಸೆದಾಕಾ ಅನ್ನುತ್ತಾರೆ, ನ್ಯಾಯ ಎಂಬ ಅರ್ಥದ ಮಾತಿನಿಂದ ಬಂದದ್ದು. ಪರರ ದಾನದಿಂದ ಬದುಕುವವನೂ ಅದರಲ್ಲೇ ಒಂದಿಷ್ಟು ಕೊಡಬೇಕು ಅಂತ ಅವರ ನಿಯಮ. ಸಂಬಳದ ಮಾತೆಲ್ಲಿ ಬಂತು? ಈ ವಾರ ನಿಮ್ಮನ್ನು ಯಾರು ಏನು ಕೇಳಿದರು, ಅದನ್ನು ಹೇಳಿ. ಯಾರೂ ಕೇಳಿಲ್ಲ ಅಂದರೆ ನಾನು ನಂಬುವುದಿಲ್ಲ.

ಹುಡುಗ ಡಿಸ್ಚಾರ್ಜ್ ಆದ ದಿನ ಸಬಾ ನಡುಗುವ ಕೈಯಲ್ಲೇ ಯಾದ್ ಸಾರಾಕ್ಕೆ ಫೋನ್ ಹಚ್ಚಿದರು. ಗಾಲಿಕುರ್ಚಿ, ಊರುಗೋಲು ಎರವಲು ಕೊಡುವ ಸಂಸ್ಥೆ, 1976ರಿಂದ ಇದೆ. ಠೇವಣಿ ಅವರೇ ಕಟ್ಟಿದರು. ‘ನೀನೇ ಹೋಗಿ ತಾ, ನಾನು ಒಬ್ಬನೇ ಇರುತ್ತೇನೆ’ ಅಂದರು. ಅವತ್ತೂ ಮಂಗಳವಾರವೇ.