ನಾಯಿಗೆ ಡ್ರೈ ಫುಡ್ ಒಳ್ಳೆಯದೋ, ವೆಟ್ ಫುಡ್ ಒಳ್ಳೆಯದೋ?

ನಿಮ್ಮ ಮನೆಯ 4 ವರ್ಷದ, 10 ಕಿಲೋ ತೂಕದ, ಸಂತಾನಹರಣ ಶಸ್ತ್ರಚಿಕಿತ್ಸೆಯಾಗಿರುವ ನಾಟಿ ಹೆಣ್ಣುನಾಯಿಗೆ ಡ್ರೈ ಫುಡ್ (ಕಾಳಿನ ಆಕಾರದಲ್ಲಿ ಬರುವ ಒಣ ಆಹಾರ) ಮುಂದುವರಿಸಬೇಕೋ, ವೆಟ್ ಫುಡ್ ಆರಂಭಿಸಬೇಕೋ ಎಂದು ಕೇಳಿದ್ದೀರಿ. ಒಣ ಕಾಳು ತಿಂದರೆ ಮೂತ್ರಪಿಂಡ ಕೆಡುತ್ತದೆ ಎಂದು ಒಬ್ಬರು, ಮೆತ್ತನೆಯದು ತಿಂದರೆ ಹಲ್ಲು ಕೆಡುತ್ತದೆ ಎಂದು ಇನ್ನೊಬ್ಬರು ಹೆದರಿಸಿದ್ದಾರೆಂದೂ ಬರೆದಿದ್ದೀರಿ. ನಾನು ಪಶುವೈದ್ಯನಲ್ಲ, ನಮ್ಮ ಮನೆಯ ಪಾಮೆರೇನಿಯನ್‌ನ ಮೂತ್ರಕೋಶದಲ್ಲಿ ಕಲ್ಲು ಬೆಳೆದು ಶಸ್ತ್ರಚಿಕಿತ್ಸೆ ಮಾಡಿಸಬೇಕಾಗಿ ಬಂದ ಮೇಲೆ ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಲು ಕಲಿತವನು.

ಇವೆರಡರ ನಡುವಿನ ಮುಖ್ಯ ವ್ಯತ್ಯಾಸ ನೀರು. ಒಣ ಕಾಳಿನಲ್ಲಿ ತೇವಾಂಶ ಶೇ 10ರ ಆಸುಪಾಸಿನಲ್ಲಿದ್ದರೆ, ಪೌಚ್ ಅಥವಾ ಡಬ್ಬಿಯಲ್ಲಿ ಬರುವ ಆಹಾರದಲ್ಲಿ ಅದು ಶೇ 75ರಿಂದ 80ರಷ್ಟಿರುತ್ತದೆ. ಆದ್ದರಿಂದ ಪೊಟ್ಟಣದ ಮೇಲಿನ ಪ್ರೋಟೀನ್ ಪ್ರಮಾಣವನ್ನು ನೇರವಾಗಿ ಹೋಲಿಸಿದರೆ ಮೋಸಹೋಗುತ್ತೇವೆ. ಒಂದರಲ್ಲಿ ಶೇ 24, ಇನ್ನೊಂದರಲ್ಲಿ ಶೇ 8 ಎಂದು ಬರೆದಿದೆ ಎಂದುಕೊಳ್ಳಿ. ನೀರನ್ನು ಕಳೆದು ಉಳಿದ ಒಣ ಅಂಶದ ಮೇಲೆ ಲೆಕ್ಕ ಹಾಕಿದರೆ ಮೊದಲನೆಯದು ಸುಮಾರು ಶೇ 27 ಆಗುತ್ತದೆ; ಶೇ 80ರಷ್ಟು ನೀರಿರುವ ಎರಡನೆಯದು ಶೇ 40 ಆಗುತ್ತದೆ.

ಖರ್ಚಿನ ಲೆಕ್ಕವೂ ಇದೇ ನೀರಿನಲ್ಲಿ ಅಡಗಿದೆ. ನಿಮ್ಮ ನಾಯಿಗೆ ದಿನಕ್ಕೆ ಸರಿಸುಮಾರು 630 ಕಿಲೋಕ್ಯಾಲರಿ ಬೇಕು. 100 ಗ್ರಾಂಗೆ 360 ಕಿಲೋಕ್ಯಾಲರಿ ಇರುವ ಒಣ ಕಾಳಾದರೆ 175 ಗ್ರಾಂ ಸಾಕು. 90 ಕಿಲೋಕ್ಯಾಲರಿಯ ವೆಟ್ ಫುಡ್ ಆದರೆ 700 ಗ್ರಾಂ, ಅಂದರೆ 100 ಗ್ರಾಂನ 7 ಪೌಚ್‌ಗಳು ಬೇಕು. ತಿಂಗಳಿಗೆ ಎಷ್ಟಾಗುತ್ತದೆ ಎಂಬುದನ್ನು ನೀವೇ ಗುಣಿಸಿ ನೋಡಿ. ನಾನು ಗುಣಿಸಿ ಪೆನ್ನು ಕೆಳಗಿಟ್ಟೆ. ಆದರೆ ಆ 700 ಗ್ರಾಂನಲ್ಲಿ 550 ಮಿಲಿಲೀಟರ್‌ನಷ್ಟು ನೀರು ಇರುತ್ತದೆ, ಅಂದರೆ ನಾಯಿಯ ದಿನದ ಅಗತ್ಯದ ಹೆಚ್ಚಿನ ಪಾಲು ಊಟದಲ್ಲಿಯೇ ಸಿಕ್ಕಿಬಿಡುತ್ತದೆ ಎಂಬುದೂ ನಿಜ.

ಆರೋಗ್ಯವಂತ ನಾಯಿ ಒಣ ಆಹಾರ ತಿಂದಾಗ ಅದಕ್ಕೆ ತಕ್ಕಂತೆ ಹೆಚ್ಚು ನೀರು ಕುಡಿಯುತ್ತದೆ. ಆದ್ದರಿಂದ ಒಣ ಕಾಳಿನಿಂದಲೇ ಮೂತ್ರಪಿಂಡ ಕೆಡುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನೀರಿನ ಪ್ರಶ್ನೆ ಗಂಭೀರವಾಗುವುದು ಕಲ್ಲು, ಮೂತ್ರಪಿಂಡದ ಕಾಯಿಲೆ ಮೊದಲಾದವು ಈಗಾಗಲೇ ಇದ್ದಾಗ. ನಮ್ಮವನದು ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು. ಅದು ಆಹಾರದಿಂದಾಗಲಿ ಔಷಧಿಯಿಂದಾಗಲಿ ಕರಗುವುದಿಲ್ಲ, ತೆಗೆಸಿದರೂ ಮರಳಿ ಬರಬಹುದು. ಮೂತ್ರ ಸದಾ ತೆಳುವಾಗಿರಬೇಕು, ಅದರ ಸಾಪೇಕ್ಷ ಸಾಂದ್ರತೆ (ಶುದ್ಧ ನೀರನ್ನು 1 ಎಂದಿಟ್ಟುಕೊಂಡು ಅಳೆಯುವ ಸಾಂದ್ರತೆ) 1.020ಕ್ಕಿಂತ ಕೆಳಗಿರಬೇಕು ಎಂದು ವೈದ್ಯರು ಹೇಳಿದ್ದರಿಂದ ಅವನಿಗೆ ವೆಟ್ ಫುಡ್ ಅನಿವಾರ್ಯವಾಯಿತು. ನಿಮ್ಮ ನಾಯಿಗೆ ಅಂತಹ ತೊಂದರೆಯೇನೂ ಇಲ್ಲವೆಂದು ಬರೆದಿದ್ದೀರಿ.

ಹಲ್ಲಿನ ವಿಷಯದಲ್ಲಿ ಒಣ ಕಾಳಿಗೆ ಸಿಕ್ಕಿರುವ ಹೆಸರು ಅದರ ಯೋಗ್ಯತೆಗಿಂತ ದೊಡ್ಡದು. ಸಾಮಾನ್ಯ ಕಾಳು ಹಲ್ಲಿನ ತುದಿ ತಾಗಿದೊಡನೆ ಪುಡಿಯಾಗುತ್ತದೆಯೇ ಹೊರತು ಪಾಚಿ ಕಟ್ಟುವ ಒಸಡಿನ ಅಂಚನ್ನು ಉಜ್ಜುವುದಿಲ್ಲ. ಎರಡರಲ್ಲಿ ಯಾವುದನ್ನು ಹಾಕಿದರೂ ನಾಯಿಗಳಿಗೆಂದೇ ಇರುವ ಪೇಸ್ಟ್‌ನಿಂದ ಹಲ್ಲುಜ್ಜುವುದು ತಪ್ಪದು. ನಮ್ಮ ಪೇಸ್ಟ್ ಬೇಡ. ಕೆಲವದರಲ್ಲಿ ನಾಯಿಗೆ ವಿಷವಾಗುವ ಕ್ಸೈಲಿಟಾಲ್ ಎಂಬ ಸಿಹಿಕಾರಕ ಇರುತ್ತದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಒಣ ಕಾಳನ್ನೇ ಆಧಾರವಾಗಿಟ್ಟುಕೊಂಡು ದಿನಕ್ಕೊಂದು ಪೌಚ್ ಬೆರೆಸುತ್ತಿದ್ದೆ. ಹಾಗೆ ಬೆರೆಸುವಾಗ 25 ಗ್ರಾಂ ಕಾಳು ಕಡಿಮೆ ಮಾಡುವುದನ್ನು ಮರೆಯಬೇಡಿ. ಶಸ್ತ್ರಚಿಕಿತ್ಸೆಯಾದ ನಾಯಿಗಳು ಬಹಳ ಬೇಗ ದಪ್ಪಗಾಗುತ್ತವೆ. ಪೌಚ್ ಮೇಲೆ 'ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್' ಎಂದಿದೆಯೋ, 'ಕಾಂಪ್ಲಿಮೆಂಟರಿ' ಎಂದಿದೆಯೋ ನೋಡಿ. ಎರಡನೆಯದು ನಂಜಿಕೊಳ್ಳಲು ಮಾತ್ರ, ಅದನ್ನೇ ಊಟವಾಗಿಸಿದರೆ ಪೋಷಕಾಂಶಗಳ ಕೊರತೆಯಾಗುತ್ತದೆ. ಪೌಚ್ ದುಬಾರಿ ಎನಿಸಿದರೆ ಕಾಳಿಗೆ ಉಗುರುಬೆಚ್ಚಗಿನ ನೀರು ಹಾಕಿ ಕೊಡಿ. ನೆನೆಸಿದ್ದು ತಟ್ಟೆಯಲ್ಲಿ ಉಳಿದರೆ ಒಂದು ಗಂಟೆಯೊಳಗೆ ಚೆಲ್ಲಿಬಿಡಿ. ಮಳೆಗಾಲದಲ್ಲಿ ದೊಡ್ಡ ಚೀಲ ಕೊಳ್ಳದಿರುವುದು ಲೇಸು, ಏಕೆಂದರೆ ತೇವ ತಗುಲಿದ ಕಾಳಿಗೆ ಬೂಷ್ಟು ಹಿಡಿಯುತ್ತದೆ. ಯಾವ ಬದಲಾವಣೆಯನ್ನಾದರೂ 7ರಿಂದ 10 ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಮಾಡಿ, ಇಲ್ಲವಾದರೆ ಹೊಟ್ಟೆ ಕೆಟ್ಟು ಭೇದಿಯಾಗಬಹುದು.