ಶೈಕ್ಷಣಿಕ ನಾಯಕತ್ವದ ಎಂ.ಎ.ಗೆ ಇಂಗ್ಲೆಂಡಿಗೆ ಹೊರಟಿರುವ ಶಹಾಪುರದ ಟೀಚರ್‌ಗೆ

ನಮಸ್ಕಾರ ಮೇಡಂ. ಶಹಾಪುರದ ಅನುದಾನಿತ ಪ್ರೌಢಶಾಲೆಯಲ್ಲಿ ಆರು ವರ್ಷದಿಂದ ಗಣಿತ ಕಲಿಸುತ್ತಿದ್ದೀರಿ, ಗುಲಬರ್ಗಾ ವಿಶ್ವವಿದ್ಯಾಲಯದ ಬಿ.ಎಡ್. ಇದೆ. ಇಂಗ್ಲೆಂಡಿನಲ್ಲಿ ಶೈಕ್ಷಣಿಕ ನಾಯಕತ್ವದ ಎಂ.ಎ. ಮಾಡಿದರೆ ಅಲ್ಲೇ ಒಂದು ಶಾಲೆಗೆ ಹೆಡ್ ಆಗಬಹುದಾ, ಯಜಮಾನರನ್ನೂ ಮಗಳನ್ನೂ ಕರೆತರಬಹುದಾ, ಎರಡು ಎಕರೆ ಹೊಲ ಮಾರಿದರೆ ಖರ್ಚಿಗೆ ಸಾಲುತ್ತದಾ ಅಂತ ಕೇಳಿದ್ದೀರಿ. ತಂಗಿ ಅಂತ ತಿಳಿದು ಬಿಚ್ಚಿ ಹೇಳ್ತೀನಿ. ಈ ಪತ್ರ ಓದಿ ಮುಗಿಸುವ ತನಕ ಹೊಲದ ಮಾತು ಎತ್ತಬೇಡ್ರಿ.

ಈ ಎಂ.ಎ. ಕಲಿಸುವ ಪರವಾನಗಿ ಅಲ್ಲ. ಇಂಗ್ಲೆಂಡಿನ ಸರ್ಕಾರಿ ಶಾಲೆಯಲ್ಲಿ ಶಿಕ್ಷಕರಾಗಲು ಕ್ಯೂ.ಟಿ.ಎಸ್. ಅನ್ನುವ ಅರ್ಹತೆ ಬೇಕು, ಅದು ಎಂ.ಎ. ಜೊತೆ ಬರುವುದಿಲ್ಲ. ಹೆಡ್ ಆಗುವವರಿಗೆ ಎನ್.ಪಿ.ಕ್ಯೂ.ಎಚ್. ಅಂತ ಬೇರೆಯೇ ತರಬೇತಿ ಇದೆ. 2012ರಿಂದ ಅದು ಕಡ್ಡಾಯವಲ್ಲ, ಆದರೂ ಹೆಡ್ ಹುದ್ದೆಗೆ ಹೋಗುವವರು ಅಲ್ಲಿನ ಶಾಲೆಗಳಲ್ಲೇ ವರ್ಷಗಟ್ಟಲೆ ಕಲಿಸಿ, ಡೆಪ್ಯುಟಿ ಹೆಡ್ ಆಗಿ ದುಡಿದವರು. ಬರೀ ಪದವಿ ಹಿಡಿದುಕೊಂಡು ಆ ಕುರ್ಚಿಗೆ ಹೋಗಲಾಗದು.

ಆದರೆ ನಿಮ್ಮ ಕೈಯಲ್ಲಿ ಇನ್ನೊಂದಿದೆ, ಅದನ್ನು ನೀವು ಲೆಕ್ಕಕ್ಕೇ ಹಿಡಿದಿಲ್ಲ. 2023ರಿಂದ ಭಾರತದ ಶಿಕ್ಷಕರೂ ನೇರವಾಗಿ ಕ್ಯೂ.ಟಿ.ಎಸ್.ಗೆ ಅರ್ಜಿ ಹಾಕಬಹುದು. ಗಣಿತ, ವಿಜ್ಞಾನ ಅಥವಾ ಭಾಷೆಯನ್ನು 11ರಿಂದ 16 ವರ್ಷದ ಮಕ್ಕಳಿಗೆ ಕಲಿಸುವ ತರಬೇತಿ ಆಗಿರಬೇಕು, ಪದವಿ ಇರಬೇಕು, ಕನಿಷ್ಠ ಒಂದು ವರ್ಷದ ಅನುಭವ ಬೇಕು. ಅರ್ಜಿಗೆ ಶುಲ್ಕವಿಲ್ಲ, ಶಹಾಪುರದಲ್ಲಿ ಕೂತೇ ಹಾಕಬಹುದು. ನಿಮ್ಮ ಗಣಿತದ ಬಿ.ಎಡ್. ಮತ್ತು ಆರು ವರ್ಷದ ಅನುಭವಕ್ಕೆ ಅಲ್ಲಿನ ಶಾಲೆಯಲ್ಲಿ ಎಂ.ಎ.ಗಿಂತ ಹೆಚ್ಚು ಬೆಲೆ ಇದೆ. ಅಂಕಪಟ್ಟಿಯಲ್ಲಿ ಬೋಧನಾ ವಿಷಯ ಗಣಿತ ಅಂತ ಸ್ಪಷ್ಟ ಇದೆಯಾ, ಶಾಲೆ ಕೊಡುವ ಅನುಭವ ಪತ್ರದಲ್ಲಿ ಸೇರಿದ ದಿನಾಂಕ, ತರಗತಿ, ವಿಷಯ ಎಲ್ಲ ಇದೆಯಾ ಇವತ್ತೇ ನೋಡ್ರಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಂದು ಹೆಸರು, ಪಾಸ್‌ಪೋರ್ಟ್‌ನಲ್ಲಿ ಗಂಡನ ಮನೆತನದ ಹೆಸರು ಇದ್ದರೆ ಮೊದಲು ಅದನ್ನು ಸರಿಮಾಡಿಸಿಕೊಳ್ರಿ. ನಮ್ಮ ಕಡೆಯ ಅರ್ಜಿಗಳು ಭಾಳ ಸಲ ನಿಲ್ಲುವುದು ಅಲ್ಲೇ.

ಯಜಮಾನರು, ಮಗಳ ವಿಷಯ: 2024ರ ಜನವರಿಯಿಂದ ಶುರುವಾದ ಕೋರ್ಸ್‌ಗಳಲ್ಲಿ, ಪಾಠ ಆಧಾರಿತ ಸ್ನಾತಕೋತ್ತರ ವಿದ್ಯಾರ್ಥಿಗಳು ಕುಟುಂಬವನ್ನು ಅವಲಂಬಿತರಾಗಿ ಕರೆತರುವಂತಿಲ್ಲ. ಸರ್ಕಾರದ ಪೂರ್ತಿ ವಿದ್ಯಾರ್ಥಿವೇತನ ಇದ್ದವರನ್ನು ಬಿಟ್ಟರೆ, ಏಜೆಂಟ್ ಏನೇ ಹೇಳಲಿ, ದಾರಿ ಇಲ್ಲ. ಒಂದು ವರ್ಷ ಮಗಳನ್ನು ಬಿಟ್ಟಿರಬೇಕಾಗುತ್ತದೆ. ಈ ಮಾತನ್ನು ಮನೆಯಲ್ಲಿ ಈಗಲೇ ಕೂತು ಆಡ್ರಿ, ವೀಸಾ ಬಂದ ಮೇಲೆ ಅಲ್ಲ.

ಇನ್ನು ದುಡ್ಡು. ವಿದೇಶಿ ವಿದ್ಯಾರ್ಥಿಗೆ ಶುಲ್ಕ ಹಲವು ಕಡೆ 20,000 ಪೌಂಡ್ ದಾಟುತ್ತದೆ. ವೀಸಾಕ್ಕೆ ಬಾಕಿ ಶುಲ್ಕದ ಜೊತೆಗೆ ಒಂಬತ್ತು ತಿಂಗಳ ಜೀವನದ ಖರ್ಚು ತೋರಿಸಬೇಕು. 2025ರ ನವೆಂಬರ್‌ನಿಂದ ಅದು ಲಂಡನ್ ಹೊರಗೆ ತಿಂಗಳಿಗೆ 1,171, ಲಂಡನ್‌ನಲ್ಲಿ 1,529 ಪೌಂಡ್. ಅಂದರೆ ಲಂಡನ್ ಹೊರಗೆ 10,539. ವೀಸಾ ಶುಲ್ಕ ಬೇರೆ. ಆರೋಗ್ಯ ಸೇವೆಗೆ ವರ್ಷಕ್ಕೆ 776 ಪೌಂಡ್ ಮುಂಗಡ ಕಟ್ಟಬೇಕು. ಹನ್ನೆರಡು ತಿಂಗಳ ಕೋರ್ಸ್‌ಗೆ ಹಿಂದುಮುಂದಿನ ತಿಂಗಳು ಸೇರಿ ವೀಸಾ ಸಿಗುವುದರಿಂದ ಒಂದೂವರೆ ವರ್ಷದ ಲೆಕ್ಕ ಹಿಡಿದು 1,164 ಆಗುತ್ತದೆ.

ಆ ಹಣ 28 ದಿನ ಒಂದೇ ಸಮನೆ ಖಾತೆಯಲ್ಲಿ ಇರಬೇಕು. ಒಂದು ದಿನ ಕಡಿಮೆಯಾದರೂ ಎಣಿಕೆ ಮತ್ತೆ ಮೊದಲಿನಿಂದ. ಬ್ಯಾಂಕ್ ಸ್ಟೇಟ್‌ಮೆಂಟ್‌ನ ಕೊನೆಯ ದಿನ ಅರ್ಜಿ ಹಾಕುವ ದಿನಕ್ಕೆ 31 ದಿನದೊಳಗೆ ಇರಬೇಕು. ಖಾತೆ ನಿಮ್ಮದು ಅಥವಾ ತಂದೆತಾಯಿಯದು ಆಗಬೇಕು. ಕಾಕಾನ ಖಾತೆ, ಅಣ್ಣನ ಖಾತೆ ನಡೆಯದು. ತಂದೆಯ ಖಾತೆ ಆದರೆ ನಿಮ್ಮ ಜನನ ಪ್ರಮಾಣಪತ್ರ, ಅವರ ಒಪ್ಪಿಗೆ ಪತ್ರ ಎರಡೂ ಬೇಕು. ಹೊಲದ ಬೆಲೆ, ಬಂಗಾರ, ಪಿ.ಎಫ್., ಷೇರು ಯಾವುದೂ ಲೆಕ್ಕಕ್ಕಿಲ್ಲ. ಬ್ಯಾಂಕಿನ ಶಿಕ್ಷಣ ಸಾಲ ನಡೆಯುತ್ತದೆ. ಹೊಲ ಮಾರಿದ ದುಡ್ಡು ತಡವಾಗಿ ಕೈಸೇರಿ 28 ದಿನ ತುಂಬದೆ ತಿರಸ್ಕಾರ ಆಗುವುದು ಸಾಮಾನ್ಯ. ಆಗ ಹೊಲವೂ ಹೋಗುತ್ತದೆ, ವರ್ಷವೂ ಹೋಗುತ್ತದೆ.

ವಿದ್ಯಾರ್ಥಿವೇತನಕ್ಕೆ ಒಂದು ವರ್ಷ ಮೊದಲೇ ಕೈಹಾಕಬೇಕು. ಬ್ರಿಟಿಷ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ 2,800 ಗಂಟೆಗಳ ಕೆಲಸದ ಅನುಭವ ಬೇಕು, ಅದು ನಿಮಗೆ ಇದೆ. ಮುಗಿಸಿ ಎರಡು ವರ್ಷ ತಾಯ್ನಾಡಿನಲ್ಲಿ ಇರಬೇಕು ಅನ್ನುವ ಷರತ್ತೂ ಇದೆ. ಪರಿಶಿಷ್ಟ ಜಾತಿಯವರು, ಭೂರಹಿತ ಕೃಷಿ ಕೂಲಿ ಕುಟುಂಬದವರು 35 ವರ್ಷದೊಳಗಿದ್ದು, 60 ಪ್ರತಿಶತ ಅಂಕ ಇದ್ದು, ಮನೆಯ ವಾರ್ಷಿಕ ಆದಾಯ 8 ಲಕ್ಷ ದಾಟದಿದ್ದರೆ ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ನೋಡಬಹುದು.

ಕೆಲಸ ಮಾಡಿ ಸಾಲ ತೀರಿಸ್ತೀನಿ ಅಂತ ಬರೆದಿದ್ದೀರಿ. ಓದಿನ ಅವಧಿಯಲ್ಲಿ ವಾರಕ್ಕೆ 20 ಗಂಟೆ ಮಿತಿ, ವಾರ ಅಂದರೆ ಸೋಮವಾರದಿಂದ ಭಾನುವಾರ. ಕನಿಷ್ಠ ಕೂಲಿ 2026ರ ಏಪ್ರಿಲ್‌ನಿಂದ ಗಂಟೆಗೆ 12.71 ಪೌಂಡ್, ವಾರಕ್ಕೆ ಹೆಚ್ಚೆಂದರೆ 254. ಅದರಲ್ಲಿ ಊಟ, ಬಾಡಿಗೆಯ ಒಂದು ಪಾಲು ನಡೆದೀತು, ಶುಲ್ಕ ತೀರದು. ಬೇಸಿಗೆಯಲ್ಲಿ ಪದವಿ ವಿದ್ಯಾರ್ಥಿಗಳಿಗೆ ರಜೆ. ಎಂ.ಎ.ದವರಿಗೆ ಅದು ಪ್ರಬಂಧ ಬರೆಯುವ ಕಾಲ, ಅದೂ ಓದಿನ ಅವಧಿಯೇ. ಆಗ ಪೂರ್ತಿ ಸಮಯ ದುಡಿದವರ ವೀಸಾಕ್ಕೇ ಕುತ್ತು ಬರುತ್ತದೆ. ಸಂಜೆ ಊರಿನ ಮಕ್ಕಳಿಗೆ ಆನ್‌ಲೈನ್ ಟ್ಯೂಷನ್ ಹೇಳೋಣ ಅಂದುಕೊಂಡಿದ್ದರೆ ಬಿಟ್ಟುಬಿಡ್ರಿ, ಸ್ವಂತ ಉದ್ಯೋಗ ಈ ವೀಸಾದಲ್ಲಿ ನಿಷಿದ್ಧ. ಶಾಲೆಯಲ್ಲಿ ಸಹಾಯಕಿ ಕೆಲಸಕ್ಕೆ ಡಿ.ಬಿ.ಎಸ್. ಅನ್ನುವ ಹಿನ್ನೆಲೆ ತಪಾಸಣೆ ಆಗುತ್ತದೆ, ಭಾರತದ ಪೊಲೀಸ್ ಕ್ಲಿಯರೆನ್ಸ್ ಕೂಡ ಕೇಳುತ್ತಾರೆ. ಅದನ್ನು ಪಾಸ್‌ಪೋರ್ಟ್ ಸೇವಾ ಮೂಲಕ ಹೊರಡುವ ಮೊದಲೇ ತೆಗೆಸಿಕೊಳ್ರಿ.

ಓದು ಮುಗಿದ ಮೇಲೆ ಉಳಿಯಲು ಗ್ರಾಜುಯೇಟ್ ವೀಸಾ ಇದೆ. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಅದು ಎರಡು ವರ್ಷದ ಬದಲು 18 ತಿಂಗಳು. ಆಮೇಲೂ ಇರಬೇಕಾದರೆ ಶಾಲೆಯೊಂದು ನಿಮ್ಮನ್ನು ಸ್ಪಾನ್ಸರ್ ಮಾಡಬೇಕು, ಅಂದರೆ ಕೆಲಸ ಕೊಟ್ಟು ವೀಸಾಕ್ಕೆ ಹೊಣೆ ಹೊರಬೇಕು. ಸಹಾಯಕಿ ಹುದ್ದೆಗೆ ಅದು ಸಿಗದು, ಕ್ಯೂ.ಟಿ.ಎಸ್. ಇರುವ ಗಣಿತದ ಶಿಕ್ಷಕಿಗೆ ಸಿಗುವ ಸಾಧ್ಯತೆ ಇದೆ. ಅದಕ್ಕೇ ಕ್ಯೂ.ಟಿ.ಎಸ್. ಅರ್ಜಿ ಮೊದಲು ಹಾಕ್ರಿ.

ಈಗ ಓದಿನ ಮಾತಿಗೆ ಬರ್ತೀನಿ, ನನಗೆ ಇದೇ ಮುಖ್ಯ. ಒಟ್ಟು 180 ಕ್ರೆಡಿಟ್, ಅದರಲ್ಲಿ ಸಾಮಾನ್ಯವಾಗಿ 60 ಪ್ರಬಂಧಕ್ಕೆ. ಒಂದು ಕ್ರೆಡಿಟ್‌ಗೆ ಹತ್ತು ಗಂಟೆ, ಅಂದರೆ 1,800 ಗಂಟೆಗಳ ಕೆಲಸ. ತರಗತಿ ವಾರಕ್ಕೆ ಕೆಲವೇ ಗಂಟೆ, ಉಳಿದದ್ದು ನೀವೇ ಓದಬೇಕು. ಪಾಸಿಗೆ 50, ಮೆರಿಟ್‌ಗೆ 60, ಡಿಸ್ಟಿಂಕ್ಷನ್‌ಗೆ 70 ಅಂಕ. 64 ಬಂದರೆ ಅಳಬೇಡ್ರಿ, ಅದು ಒಳ್ಳೆಯ ಅಂಕ. ಬಿ.ಎಡ್. ನೋಟ್ಸ್ ರೀತಿ ‘ಉತ್ತಮ ನಾಯಕನ ಹತ್ತು ಗುಣಗಳು’ ಅಂತ ಬರೆದರೆ ಐವತ್ತರ ಆಸುಪಾಸಿನಲ್ಲೇ ನಿಲ್ಲುತ್ತೀರಿ. ಸಂಶೋಧಕರಾದ ಫಿಲಿಪ್ ಹ್ಯಾಲಿಂಜರ್ ಬೋಧನಾ ನಾಯಕತ್ವದ (ಹೆಡ್ ಪಾಠದ ಗುಣಮಟ್ಟಕ್ಕೆ ಒತ್ತು ಕೊಡುವುದು) ಬಗ್ಗೆ, ಜೇಮ್ಸ್ ಸ್ಪಿಲೇನ್ ಹಂಚಿಕೆಯ ನಾಯಕತ್ವದ (ಮುಂದಾಳತ್ವ ಹಲವರಲ್ಲಿ ಹಂಚಿಹೋಗುವುದು) ಬಗ್ಗೆ ಹೇಳಿದ್ದನ್ನು ಎದುರುಬದುರು ಇಟ್ಟು, ಎಲ್ಲಿ ನಿಲ್ಲುತ್ತದೆ, ಎಲ್ಲಿ ಕುಸಿಯುತ್ತದೆ ಅಂತ ವಾದ ಹೂಡಬೇಕು. ಅಧಿಕಾರ ಹಂಚಿಕೆ ಅಂತ ಪುಸ್ತಕ ಹೇಳುತ್ತದೆ. ನಮ್ಮ ಎಸ್‌ಡಿಎಂಸಿ ಸಭೆಯಲ್ಲಿ ಠರಾವಿಗೆ ಹೆಬ್ಬೆಟ್ಟು ಒತ್ತಿಸಿಕೊಂಡು ಕಳಿಸಿದರೆ ಅದು ಹಂಚಿಕೆಯಾ? ಇಂಥ ಪ್ರಶ್ನೆ ನಿಮಗೇ ಹೊಳೆಯಬೇಕು, ಜೊತೆಗೆ ಓದುವ ಅಲ್ಲಿನವರಿಗೆ ಹೊಳೆಯದು.

ಪ್ರಬಂಧಕ್ಕೂ ಊರಿನ ವಿಷಯವನ್ನೇ ಹಿಡೀರಿ. ಹತ್ತಿ ಬಿಡಿಸುವ ಹಂಗಾಮಿನಲ್ಲಿ, ಗುಳೆ ಹೋದಾಗ ಹಾಜರಾತಿ ಕುಸಿದರೆ ಮುಖ್ಯ ಶಿಕ್ಷಕರು ಏನು ಮಾಡುತ್ತಾರೆ ಅನ್ನುವುದೇ ಒಂದು ಒಳ್ಳೆಯ ಪ್ರಬಂಧ. ಮಕ್ಕಳನ್ನು ಸಂದರ್ಶಿಸುವ ಗೊಡವೆಗೆ ಹೋಗದೆ ಹಿರಿಯರನ್ನಷ್ಟೇ ಮಾತಾಡಿಸಿದರೆ ಸಂಶೋಧನೆಯನ್ನು ಪರಿಶೀಲಿಸುವ ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಒಪ್ಪಿಗೆ ಬೇಗ ಸಿಗುತ್ತದೆ. ಆ ಒಪ್ಪಿಗೆ ಕೈಗೆ ಬರುವ ಮೊದಲು ಒಂದು ಸಂದರ್ಶನವೂ ಮಾಡಬಾರದು, ಮಾಡಿದ್ದನ್ನು ಬಳಸಲು ಬಿಡುವುದಿಲ್ಲ. ನಮ್ಮ ಶಾಲೆಗಳಿಗೆ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯ ತನಕ ರಜೆ, ನಿಮಗೆ ಮಾಹಿತಿ ಬೇಕಾಗುವುದು ಸರಿಯಾಗಿ ಆಗಲೇ. ಹಾಗಾಗಿ ಶಾಲೆಗಳ ಮತ್ತು ಬಿಇಒ ಕಚೇರಿಯ ಅನುಮತಿ ಪತ್ರಗಳನ್ನು ಮಾರ್ಚ್‌ನಲ್ಲೇ ತರಿಸಿಟ್ಟುಕೊಳ್ರಿ. ಕನ್ನಡದ ಸಂದರ್ಶನವನ್ನು ಬರಹಕ್ಕಿಳಿಸಿ ಇಂಗ್ಲಿಷಿಗೆ ತರಲು ಒಂದು ಗಂಟೆಯ ಮಾತಿಗೆ ಒಂದು ದಿನವಾದರೂ ಬೇಕು. ಆರೇಳು ಜನ ಸಾಕು.

ವೀಸಾಕ್ಕೆ ಬೇಕಾದ ಕ್ಷಯ ತಪಾಸಣೆಯನ್ನು ಬ್ರಿಟಿಷ್ ಸರ್ಕಾರ ಒಪ್ಪಿದ ಕ್ಲಿನಿಕ್‌ನಲ್ಲೇ ಮಾಡಿಸಬೇಕು, ಯಾದಗಿರಿಯಿಂದ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಪ್ರಮಾಣಪತ್ರ ಆರು ತಿಂಗಳಷ್ಟೇ ನಡೆಯುತ್ತದೆ, ಭಾಳ ಮೊದಲೇ ಮಾಡಿಸಬೇಡ್ರಿ. ಸಾಮಾನಿನಲ್ಲಿ ತುಪ್ಪ, ಪೇಡೆ ತರಬೇಡ್ರಿ, ಹಾಲಿನ ಪದಾರ್ಥ ಒಳಗೆ ಬಿಡುವುದಿಲ್ಲ. ಜೋಳದ ಹಿಟ್ಟು ಲೆಸ್ಟರ್, ಬರ್ಮಿಂಗ್‌ಹ್ಯಾಮ್‌ನ ಭಾರತೀಯ ಅಂಗಡಿಗಳಲ್ಲೇ ಸಿಗುತ್ತದೆ. ಮತ್ತೆ ಶಾಲೆಯ ಆಡಳಿತ ಮಂಡಳಿ ಮತ್ತು ಇಲಾಖೆಯಿಂದ ರಜೆ ಮಂಜೂರಾದ ಆದೇಶ ಕೈಗೆ ಬರುವ ತನಕ ವಿಮಾನದ ಟಿಕೆಟ್ ತೆಗೆಯಬೇಡ್ರಿ. ಬಾಯಿಮಾತಿನ ಒಪ್ಪಿಗೆ ಮೇಲೆ ಹೊರಟರೆ ತಿರುಗಿ ಬಂದಾಗ ನೌಕರಿ ಉಳಿಸಿಕೊಳ್ಳುವುದೇ ಕಷ್ಟ ಆಗುತ್ತದೆ.