ಒಬ್ಬರೇ ಹೋದ ಬೇಟೆಗೆ 50 ನಿಮಿಷ ಸಾಲದು

ಪೆರ್ಲದ ಓದುಗ ಮಿತ್ರರಿಗೆ ನಮಸ್ಕಾರ.

ದುಬೈಯಿಂದ ಬಂದ ಚಿಕ್ಕಪ್ಪ ಹಳೆಯ ಪಿಎಸ್‌ಪಿಯನ್ನೂ (ಕೈಯಲ್ಲಿ ಹಿಡಿದು ಆಡುವ ಸೋನಿಯ ವಿಡಿಯೋ ಗೇಮ್ ಸೆಟ್), ದೈತ್ಯ ಪ್ರಾಣಿಗಳನ್ನು ಬೇಟೆಯಾಡುವ 'ಮಾನ್‌ಸ್ಟರ್ ಹಂಟರ್ ಫ್ರೀಡಂ ಯುನೈಟ್' ಆಟದ ಡಿಸ್ಕನ್ನೂ ಕೊಟ್ಟರೆಂದು ಬರೆದಿದ್ದೀರಿ. ಹಿಂದಿನ ಭಾಗ ಆಡದೆ ಇದನ್ನು ಶುರು ಮಾಡಬಹುದೇ, 50 ನಿಮಿಷ ಹೊಡೆದರೂ ಪ್ರಾಣಿ ಸಾಯುವುದಿಲ್ಲ ಯಾಕೆ, ಕಥೆಯೇ ಇಲ್ಲದ ಈ ಆಟವನ್ನು ನಾವು ಹೊಗಳಿದ್ದು ಯಾಕೆ ಎಂದು ಮೂರು ಪ್ರಶ್ನೆ ಕೇಳಿದ್ದೀರಿ. ಮೂರನೆಯದರಲ್ಲಿ ಸಿಟ್ಟು ಸ್ವಲ್ಪ ಜಾಸ್ತಿ ಇದೆ. ಇರಲಿ.

ಮೊದಲನೆಯದು ಸುಲಭ. 2007ರ 'ಫ್ರೀಡಂ 2'ರಲ್ಲಿ ಇದ್ದದ್ದನ್ನೇ ಇಟ್ಟುಕೊಂಡು, ಮೇಲೆ ಹೊಸ ಪ್ರಾಣಿಗಳನ್ನೂ ಕಷ್ಟದ ಬೇಟೆಗಳನ್ನೂ ಸೇರಿಸಿ ಮಾಡಿದ್ದು ಯುನೈಟ್. ಹಳೆಯದನ್ನು ಹುಡುಕಿಕೊಂಡು ಹೋಗಬೇಡಿ.

ಎರಡನೆಯದಕ್ಕೆ ಉತ್ತರ ನಿಮ್ಮ ಪತ್ರದಲ್ಲೇ ಇದೆ. 'ಹಾಲ್‌ನೊಳಗಿನ ಕೌಂಟರಿನ ಹುಡುಗಿ ಕೊಟ್ಟ ಬೇಟೆ' ಎಂದಿದ್ದೀರಲ್ಲ, ತೊಂದರೆ ಅಲ್ಲೇ. ಆ ಹಾಲ್ ಇರುವುದು ನಾಲ್ಕು ಜನ ಸೇರಿ ಆಡಲಿಕ್ಕೆ. ನೀವು ಒಬ್ಬರೇ ಹೋದಿರೆಂದು ಅಲ್ಲಿನ ಪ್ರಾಣಿಯ ಜೀವ ಕಡಿಮೆಯಾಗುವುದಿಲ್ಲ. ಹೊರಗೆ ಊರಿನ ಹಿರಿಯಜ್ಜಿ ಬೇರೆಯೇ ಬೇಟೆಗಳನ್ನು ಕೊಡುತ್ತಾಳೆ. ಒಂಟಿಯಾಗಿ ಆಡುವವರಿಗೆ ಅವು. ಸದ್ಯಕ್ಕೆ ಅವನ್ನೇ ಮುಗಿಸಿ. ಒಂದು ಬೆಕ್ಕನ್ನೂ ಜೊತೆಗೆ ಕರೆದುಕೊಂಡು ಹೋಗಿ, ಯುನೈಟ್‌ನಲ್ಲಿ ಹೊಸದಾಗಿ ಬಂದ ಸೌಕರ್ಯ ಅದು. ಪ್ರಾಣಿಗೆ ಎಷ್ಟು ಜೀವ ಉಳಿದಿದೆ ಎಂದು ಆಟ ತೋರಿಸುವುದಿಲ್ಲ. ಕುಂಟಲು ಶುರು ಮಾಡಿತೆಂದರೆ ಬೋನು ಒಡ್ಡಿ, ಸಿಕ್ಕಿಬಿದ್ದ ಮೇಲೆ ಮತ್ತಿನ ಗುಂಡು ಎರಡು ಎಸೆಯಿರಿ. ಕೊಲ್ಲುವಷ್ಟು ಹೊತ್ತು ಬೇಕಾಗುವುದಿಲ್ಲ.

ಓಡುವಾಗ ಕ್ಯಾಮೆರಾ ತಿರುಗಿಸಲಾಗುವುದಿಲ್ಲ ಎಂಬ ದೂರು ಮಾತ್ರ ನೂರಕ್ಕೆ ನೂರು ಸರಿ. ಪಿಎಸ್‌ಪಿಯಲ್ಲಿ ಇರುವುದು ಒಂದೇ ಅನಲಾಗ್ ಗುಂಡಿ (ಹೆಬ್ಬೆರಳಿನಿಂದ ಎತ್ತ ಬೇಕಾದರೂ ಜಾರಿಸುವಂಥದ್ದು), ಅದು ಓಡಲಿಕ್ಕೇ ಬೇಕು. ಹೆಬ್ಬೆರಳು ಅದರ ಮೇಲಿಟ್ಟು, ತೋರುಬೆರಳನ್ನು ಮಡಚಿ ಕ್ಯಾಮೆರಾ ತಿರುಗಿಸುವ ಬಾಣದ ಕೀಲಿ ಒತ್ತುವವರಿದ್ದಾರೆ. ಬೆರಳು ನೋಯುತ್ತದೆ. ಸುಮ್ನೆ ಎಲ್ ಬಟನ್ ತಟ್ಟಿ, ಕ್ಯಾಮೆರಾ ನಿಮ್ಮ ಬೆನ್ನ ಹಿಂದೆ ಬಂದು ನಿಲ್ಲುತ್ತದೆ.

ಇನ್ನು ಹೊಗಳಿಕೆ. ಕಥೆ ಇಲ್ಲ, ಒಪ್ಪಿದೆ. ಆದರೆ ಯಕ್ಷಗಾನದ ಊರಿನವರು ನೀವು. ಗೊತ್ತಿರುವ ಪ್ರಸಂಗವನ್ನೇ ಮತ್ತೆ ನೋಡಲು ಯಾಕೆ ಹೋಗುತ್ತೇವೆ? ಇವತ್ತಿನ ವೇಷ ಹೇಗೆ ಕುಣಿಯುತ್ತದೆ ಎಂದು ನೋಡಲು, ಅಲ್ವಾ? ಇಲ್ಲಿಯೂ ಟೈಗ್ರೆಕ್ಸ್ ಎಂಬ ಪ್ರಾಣಿ ಅದೇ, ಹಿಮದ ಬೆಟ್ಟ ಅದೇ. ಲೆವೆಲ್ ಏರಿ ಬೇಟೆಗಾರನಿಗೆ ಬಲ ಬರುವುದಿಲ್ಲ. ಆಯುಧ, ಕವಚ ಒಳ್ಳೆಯದಾಗಬೇಕು, ನಿಮ್ಮ ಕೈ ಪಳಗಬೇಕು. ಜಪಾನಿನಲ್ಲಿ ಜನ ಇದಕ್ಕಾಗಿ ಒಂದು ಕಡೆ ಸೇರುತ್ತಿದ್ದರು, ಯಾಕೆಂದರೆ ಪಿಎಸ್‌ಪಿಗಳು ಹತ್ತಿರ ಇದ್ದರಷ್ಟೇ ಒಂದಕ್ಕೊಂದು ತಂತಿಯಿಲ್ಲದೆ ಬೆಸೆದುಕೊಳ್ಳುತ್ತವೆ. ಅಡಿಕೆ ತೋಟದ ನಡುವೆ ದೂರ ದೂರ ಮನೆಗಳಿರುವ ನಮ್ಮ ಕಡೆ ಅದೊಂದು ಕಷ್ಟ. ಬದಿಯಡ್ಕದ ಗೆಳೆಯನ ಬಳಿಯೂ ಒಂದು ಪಿಎಸ್‌ಪಿ ಇದೆ ಎಂದಿದ್ದೀರಿ. ಅವನಿಗೂ ಇದೇ ಡಿಸ್ಕ್ ಸಿಕ್ಕಿದರೆ ರಜೆಯಲ್ಲಿ ಮನೆಗೆ ಕರೆಯಿರಿ. ಮಲಯಾಳ, ತುಳು, ಕನ್ನಡ ಯಾವುದರಲ್ಲಿ ಕೂಗಿದರೂ ನಡೆಯುತ್ತದೆ. ಒಂದು ಎಚ್ಚರಿಕೆ: ಮೂರು ಸಲ ಬಿದ್ದರೆ ಬೇಟೆ ರದ್ದು, ಆ ಮೂರು ಇಡೀ ತಂಡಕ್ಕೆ ಸೇರಿ. ಗೆಳೆಯನೇ ಮೂರೂ ಸಲ ಬಿದ್ದರೆ ಬೈಯಬೇಡಿ.

ನೀವು ಕೇಳದ ಒಂದು ಮಾತು. ಹಳೆಯ ಸೆಟ್ ಆದ್ದರಿಂದ ಹಿಂಬದಿಯ ಮುಚ್ಚಳ ತೆಗೆದು ಬ್ಯಾಟರಿ ಉಬ್ಬಿದೆಯೇ ನೋಡಿ. ಉಬ್ಬಿದ್ದರೆ ಅದನ್ನು ಚಾರ್ಜಿಗೆ ಹಾಕಲೇಬೇಡಿ, ತೆಗೆದಿಡಿ. ಬ್ಯಾಟರಿ ಇಲ್ಲದೆ ಬರೀ ಚಾರ್ಜರಿನಲ್ಲೂ ಪಿಎಸ್‌ಪಿ ನಡೆಯುತ್ತದೆ. ಆದರೆ ಮಳೆಗಾಲದಲ್ಲಿ ನಮ್ಮ ಕರೆಂಟಿನ ಕಥೆ ಗೊತ್ತಲ್ಲ, ಪ್ರತಿ ಬೇಟೆ ಮುಗಿದ ಕೂಡಲೇ ಸೇವ್ ಮಾಡಿ.

– ಸಂಪಾದಕ